ಎಸ್‌ಯುವಿಗೆ ಟ್ರೇಲರ್ ಹಿಚ್: ಮನೆ ಅಂಗಳದಲ್ಲೇ ಸರಿಯಾಗಿ ಕೂರಿಸುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೊಲೆರೊ ಅಥವಾ ಸ್ಕಾರ್ಪಿಯೊ ಹಿಂದೆ ಸಣ್ಣ ಟ್ರೇಲರ್ ಕಟ್ಟಿಕೊಂಡು ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಪಂಪು, ಜನರೇಟರು, ನೀರಿನ ಟ್ಯಾಂಕು, ಇಲ್ಲವೇ ಒಂದು ಬೈಕು ಒಯ್ಯಬೇಕು. ಅದಕ್ಕೆ ಬೇಕಾದ ಹಿಚ್ಚನ್ನು, ಅಂದರೆ ಗಾಡಿಯ ಹಿಂದೆ ಟ್ರೇಲರ್ ಸಿಗಿಸುವ ಜೋಡಣೆಯನ್ನು, ಮನೆಯಲ್ಲೇ ಕೂರಿಸಬಹುದೇ, ಇಲ್ಲಾ ವೆಲ್ಡಿಂಗ್ ಅಂಗಡಿಗೇ ಹೋಗಬೇಕೇ?

ನಿಮ್ಮ ಗಾಡಿಯ ಮಾಡೆಲ್‌ಗೆಂದೇ ಮಾಡಿದ, ಬೋಲ್ಟು ಹಾಕಿ ಕೂರಿಸುವ ಕಿಟ್ ಸಿಕ್ಕರೆ ಮನೆಯಲ್ಲೇ ಆಗುತ್ತದೆ. ಪಾನಾ ಹಿಡಿದು ರೂಢಿ ಇರುವವರಿಗೆ, ಜೊತೆಗೊಬ್ಬರು ಇದ್ದರೆ, ಒಂದು ರಜಾ ದಿನದ ಕೆಲಸ. ಆದರೆ ಬಂಪರಿಗೆ ಆಂಗಲ್ ಕಬ್ಬಿಣ ಬೆಸುಗೆ ಹಾಕಿ ಅದಕ್ಕೊಂದು ಹುಕ್ಕು ಸಿಗಿಸುವ ಪದ್ಧತಿಗೆ ದಯವಿಟ್ಟು ಕೈ ಹಾಕಬೇಡಿ. ಟ್ರೇಲರ್ ಎಳೆಯುವ ಬಲವೆಲ್ಲ ಬೋಲ್ಟುಗಳ ಮೂಲಕ ಚಾಸಿಗೆ ಹೋಗಬೇಕು. ಬಂಪರು ಆ ಬಲ ತಡೆಯಲು ಮಾಡಿದ್ದಲ್ಲ. ಇನ್ನು ಚಾಸಿಗೇ ನೇರವಾಗಿ ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದ ಉಕ್ಕು ಕಾದು ತನ್ನ ಗುಣ ಕಳೆದುಕೊಳ್ಳುತ್ತದೆ, ಮುಂದೊಂದು ದಿನ ಅಲ್ಲೇ ಬಿರುಕು ಬಿಡುತ್ತದೆ.

ಕೆಲವು ಹೆಸರುಗಳು

ರಿಸೀವರ್ ಅಂದರೆ ಚಾಸಿಗೆ ಕೂರುವ ಅಡ್ಡ ತೊಲೆ ಮತ್ತು ಅದರ ನಡುವಿನ ಚೌಕ ಕೊಳವೆ. ಸಾಮಾನ್ಯವಾಗಿ ಇದರ ಒಳಅಳತೆ 2 ಇಂಚು. ಬಾಲ್ ಮೌಂಟ್ ಅಂದರೆ ಆ ಕೊಳವೆಯೊಳಗೆ ತೂರಿಸುವ ತುಂಡು. ಅದರ ತುದಿಯಲ್ಲಿ ಗುಂಡು, ಅಂದರೆ ಬಾಲ್ ಇರುತ್ತದೆ. ಎರಡನ್ನೂ ಹಿಡಿದಿಡುವುದು ಅಡ್ಡಲಾಗಿ ಹೋಗುವ ಪಿನ್ನು. 2 ಇಂಚಿನ ರಿಸೀವರಿಗೆ ಇದರ ದಪ್ಪ 5/8 ಇಂಚು, ಹತ್ತಿರ ಹತ್ತಿರ 16 ಮಿಮೀ. ಕಪ್ಲರ್ ಅಂದರೆ ಟ್ರೇಲರಿನ ಮೂತಿಯಲ್ಲಿ ಬಾಲನ್ನು ಕಚ್ಚಿಕೊಳ್ಳುವ ಬಾಯಿ.

ಬಾಲಿನ ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಯೂರೋಪಿನ ಕ್ರಮದ ಬಾಲ್ 50 ಮಿಮೀ, ಅಮೆರಿಕದ್ದು 2 ಇಂಚು, ಅಂದರೆ 50.8 ಮಿಮೀ. ಕಣ್ಣಿಗೆ ಎರಡೂ ಒಂದೇ. ಆದರೆ 50 ಮಿಮೀ ಕಪ್ಲರ್ 2 ಇಂಚಿನ ಬಾಲಿನ ಮೇಲೆ ಪೂರ್ತಿ ಇಳಿಯದೆ ಅರ್ಧಂಬರ್ಧ ಕಚ್ಚಿಕೊಂಡು ಕೂರಬಹುದು. ಉಲ್ಟಾ ಆದರೆ ಸಡಿಲಾಗಿ ಲಟಲಟ ಬಡಿಯುತ್ತದೆ. ಕಪ್ಲರಿನ ಮೇಲೆ ಅಚ್ಚಾಗಿರುವ ಅಳತೆ ಓದಿ, ಬಾಲನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ತಾಳೆ ನೋಡಿ.

ನಿಮ್ಮ ಗಾಡಿಗೆ ಇದು ಆಗುತ್ತದೆಯೇ

ಬೊಲೆರೊ, ಸ್ಕಾರ್ಪಿಯೊ, ಥಾರ್, ಫಾರ್ಚುನರ್ ಇವೆಲ್ಲ ಲ್ಯಾಡರ್ ಫ್ರೇಮ್ ಗಾಡಿಗಳು. ಅಡಿಯಲ್ಲಿ ಏಣಿಯ ಆಕಾರದ ಗಟ್ಟಿ ಚಾಸಿ ಇರುತ್ತದೆ, ಅದರ ಮೇಲೆ ಬಾಡಿ ಕೂತಿರುತ್ತದೆ. ಹಿಚ್ ಕೂರಿಸಲು ಇವು ಅನುಕೂಲ. ಕ್ರೆಟಾ, ಬ್ರೆಝಾ, ಸೆಲ್ಟೋಸ್, ಎಕ್ಸ್‌ಯುವಿ 700 ಇವು ಮೊನೊಕಾಕ್. ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಆ ಮಾಡೆಲ್‌ಗೆಂದೇ ಪರೀಕ್ಷಿಸಿದ ಕಿಟ್ ಇಲ್ಲದಿದ್ದರೆ ಇವುಗಳ ತಂಟೆಗೆ ಹೋಗಬೇಡಿ. ತೆಳು ತಗಡಿಗೆ ತೂತು ಹೊಡೆದು ಬೋಲ್ಟು ಬಿಗಿದರೆ ತಗಡೇ ಕಿತ್ತು ಬರುತ್ತದೆ.

ಗಾಡಿಯ ಹಿಂದೆ ಕಂಪನಿಯವರೇ ಕೊಟ್ಟ ಒಂದು ಕೊಂಡಿ ಇರುತ್ತದಲ್ಲ, ಅದು ಕೆಸರಲ್ಲಿ ಹೂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಲು ಇರುವುದು. ಅದಕ್ಕೆ ಟ್ರೇಲರ್ ಸಿಗಿಸುವಂತಿಲ್ಲ.

ಓನರ್ ಮ್ಯಾನುಯಲ್ ತೆರೆದು ಟ್ರೇಲರ್ ಎಳೆಯುವ ಬಗ್ಗೆ ಏನು ಬರೆದಿದೆ ಓದಿ. ಎಳೆಯಬೇಡಿ ಎಂದಿದ್ದರೆ ಅಲ್ಲಿಗೆ ವಿಷಯ ಮುಗಿಯಿತು. ತೂಕದ ಮಿತಿ ಕೊಟ್ಟಿದ್ದರೆ ಗಾಡಿ, ರಿಸೀವರ್, ಬಾಲ್ ಮೌಂಟ್, ಬಾಲ್, ಕಪ್ಲರ್ ಈ ಐದರಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ. 3 ಟನ್ ಎಂದು ಬರೆದ ಬಾಲ್ ಹಾಕಿದ ಮಾತ್ರಕ್ಕೆ ಗಾಡಿ 3 ಟನ್ ಎಳೆಯುವುದಿಲ್ಲ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮುಂದಿನ ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದ್ದೂ ಇದೇ ಕಲಮಿನ ಆಧಾರದಲ್ಲಿ. ಆದ್ದರಿಂದ ಕಿಟ್ ಕೊಳ್ಳುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ, ಅದು ಬೆಳಗಾವಿಯ ಕೆಎ 22 ಇರಲಿ, ವಿಜಯಪುರದ 28, ಬಾಗಲಕೋಟೆಯ 29, ಜಮಖಂಡಿಯ 48 ಇರಲಿ, ಮೋಟಾರು ವಾಹನ ನಿರೀಕ್ಷಕರನ್ನು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು. ವಿಮಾ ಕಂಪನಿಗೂ ಮೊದಲೇ ತಿಳಿಸಿಡಿ. ಅಪಘಾತದ ನಂತರ ಹೇಳಿದರೆ ಕ್ಲೇಮು ನಿಲ್ಲುವ ಭಯ ಇದೆ.

ತೂಕದ ಲೆಕ್ಕ, ಕಿಟ್ ಕೊಳ್ಳುವ ಮೊದಲೇ

500 ಲೀಟರ್ ನೀರಿನ ಟ್ಯಾಂಕು ತಾನೇ ಎನ್ನುತ್ತಾರೆ. ನೀರೇ 500 ಕೆಜಿ. ಕಬ್ಬಿಣದ ಟ್ರೇಲರ್ 200 ಕೆಜಿ ಹಿಡಿದರೆ ಒಟ್ಟು 700. ಯೂರೋಪಿನಲ್ಲೂ ಆಸ್ಟ್ರೇಲಿಯಾದಲ್ಲೂ 750 ಕೆಜಿ ದಾಟಿದ ಟ್ರೇಲರಿಗೆ ತನ್ನದೇ ಬ್ರೇಕು ಇರಲೇಬೇಕು. ನಮ್ಮ ಘಟ್ಟದ ರಸ್ತೆಗಳನ್ನು ನೆನೆದರೆ ಅದಕ್ಕಿಂತ ಸಾಕಷ್ಟು ಕೆಳಗೇ ಇರುವುದು ಲೇಸು.

ಒಟ್ಟು ತೂಕದ ಶೇ. 10ರಷ್ಟು ಬಾಲಿನ ಮೇಲೆ ಇಳಿಯಬೇಕು. 700 ಕೆಜಿಗೆ 70 ಕೆಜಿ. ಇಷ್ಟೇನಾ ಎನಿಸಬಹುದು. ಆದರೆ ಬಾಲ್ ಹಿಂದಿನ ಆಕ್ಸಲಿನಿಂದ 1.1 ಮೀಟರ್ ಹಿಂದಿದ್ದು, ಎರಡು ಆಕ್ಸಲುಗಳ ನಡುವೆ 2.7 ಮೀಟರ್ ಇದ್ದರೆ, ಸನ್ನೆಕೋಲಿನ ಲೆಕ್ಕದಲ್ಲಿ ಹಿಂದಿನ ಆಕ್ಸಲಿಗೆ 98 ಕೆಜಿ ಏರುತ್ತದೆ, ಮುಂದಿನದರಿಂದ 28 ಕೆಜಿ ಇಳಿಯುತ್ತದೆ. ಜೊತೆಗೆ ಹಿಚ್ಚಿನ 15ರಿಂದ 25 ಕೆಜಿ, ಡಿಕ್ಕಿಯಲ್ಲಿರುವ ಸಾಮಾನು, ಹಿಂದಿನ ಸೀಟಿನ ಮೂವರು. ಮುಂದಿನ ಗಾಲಿ ಹಗುರವಾದಷ್ಟೂ ಸ್ಟಿಯರಿಂಗ್ ಮಾತು ಕೇಳುವುದು ಕಡಿಮೆಯಾಗುತ್ತದೆ.

ಏನೇನು ಬೇಕು

ಕಿಟ್ಟಿನಲ್ಲಿ ಬಂದ ಬೋಲ್ಟುಗಳ ತಲೆ ನೋಡಿ. 8.8 ಅಥವಾ 10.9 ಎಂದು ಅಚ್ಚಾಗಿರಬೇಕು. ಇದು ಬೋಲ್ಟಿನ ಗಟ್ಟಿತನದ ದರ್ಜೆ. ಏನೂ ಅಚ್ಚಿಲ್ಲದ ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಈ ಕೆಲಸಕ್ಕೆ ಬೇಡ. 10.9 ಬೋಲ್ಟಿಗೆ 10ನೇ ದರ್ಜೆಯ ನಟ್ಟೇ ಹಾಕಬೇಕು, ಕೆಳದರ್ಜೆಯ ನಟ್ಟಿನ ಮರೆ (ಒಳಗಿನ ಸುರುಳಿ ಗೆರೆ, ಥ್ರೆಡ್) ಕಿತ್ತುಹೋಗುತ್ತದೆ.

ಸಲಕರಣೆಯಲ್ಲಿ ಟಾರ್ಕ್ ವ್ರೆಂಚ್, ಅಂದರೆ ಬಿಗಿತ ಅಳೆಯುವ ಪಾನಾ, ಇರಲೇಬೇಕು. ಸ್ವಂತದ್ದು ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನಿಂದ ಒಂದು ದಿನದ ಮಟ್ಟಿಗೆ ತನ್ನಿ. ಉಳಿದಂತೆ:

- 16, 17, 18, 19, 21 ಮಿಮೀ ಸಾಕೆಟ್‌ಗಳು (ಎಂ12, ಅಂದರೆ 12 ಮಿಮೀ ದಪ್ಪದ ಬೋಲ್ಟಿನ ತಲೆ ಕೆಲವದರಲ್ಲಿ 18, ಕೆಲವದರಲ್ಲಿ 19 ಇರುತ್ತದೆ)
- ಎರಡು ಜಾಕ್ ಸ್ಟ್ಯಾಂಡು, ಎರಡು ಜಾಕು, ಗಾಲಿ ಉರುಳದಂತೆ ಕೊಡುವ ಆಪುಗಳು
- ತಂತಿ ಬ್ರಷ್, ಜಂಗು ಬಿಡಿಸುವ ಸ್ಪ್ರೇ, ಎಂ12 x 1.75 ಟ್ಯಾಪ್ (ಮರೆಯೊಳಗೆ ತಿರುಗಿಸಿ ಅದನ್ನು ಸ್ವಚ್ಛ ಮಾಡುವ ಸಲಕರಣೆ)
- ಜಿಂಕ್ ಪ್ರೈಮರ್, ನೀಲಿ ಥ್ರೆಡ್‌ಲಾಕರ್ (ಬೋಲ್ಟು ಸಡಿಲಾಗದಂತೆ ಹಿಡಿಯುವ ಅಂಟು), ಬಿಳಿ ಪೇಂಟ್ ಮಾರ್ಕರ್
- ಮಲ್ಟಿಮೀಟರ್, 7 ಪಿನ್ ಸಾಕೆಟ್, ಟ್ರೇಲರ್ ರಿಲೇ ಮಾಡ್ಯೂಲ್, ಫ್ಯೂಸ್ ಹೋಲ್ಡರ್

ಹಂತ 1: ಗಾಡಿ ನಿಲ್ಲಿಸುವುದು

ಎತ್ತರದ ಗಾಡಿಯಾಗಿದ್ದು ಅಡಿಯಲ್ಲಿ ಮಲಗಿ ಕೈಯಾಡಿಸುವಷ್ಟು ಜಾಗ ಇದ್ದರೆ ಜಾಕ್ ಹಾಕಲೇಬೇಡಿ. ಅದಕ್ಕಿಂತ ಸುರಕ್ಷಿತ ಬೇರೆ ಇಲ್ಲ. ಎತ್ತಲೇಬೇಕಾದರೆ ಮುಂದಿನ ಗಾಲಿಗಳಿಗೆ ಎರಡೂ ಬದಿ ಆಪು ಕೊಟ್ಟು, ಹಿಂದೆ ಆಕ್ಸಲಿನ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಅಡಿ ಹೋಗಬೇಡಿ.

ನಮ್ಮ ಕಡೆಯ ಅಂಗಳಗಳಲ್ಲಿ ಶಹಾಬಾದ ಪರ್ಸಿ ಹಾಸಿರುವುದು ಹೆಚ್ಚು. ಪರ್ಸಿಯ ಕೆಳಗೆ ಟೊಳ್ಳಿದ್ದರೆ ಸ್ಟ್ಯಾಂಡಿನ ಕಾಲು ಊರಿದ ಜಾಗದಲ್ಲಿ ಕಲ್ಲು ಫಟ್ಟನೆ ಸೀಳುತ್ತದೆ. ಎರೆಮಣ್ಣಿನ ಅಂಗಳ ಮೇಲೆ ಒಣಗಿದ್ದರೂ ಒಳಗೆ ಹಸಿ ಇದ್ದರೆ ಕಾಲು ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಎರಡೂ ಕಡೆ ದಪ್ಪ ಹಲಗೆ ಹಾಸಿ ಮೇಲೆ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಆಸರೆ ಬೇಡ. ಅವು ಒಡೆಯುವ ಮುಂಚೆ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಹಂತ 2: ಜಾಗ ಖಾಲಿ ಮಾಡುವುದು

ಫಾರ್ಚುನರ್, ಇನ್ನೋವಾಗಳಂತೆ ಸ್ಟೆಪ್ನಿ ಅಡಿಯಲ್ಲಿ ತೂಗುವ ಗಾಡಿಯಾದರೆ ಅದನ್ನು ಇಳಿಸಿ ಪಕ್ಕಕ್ಕಿಡಿ. ಹಿಚ್ ಕೂರಿಸಿದ ಮೇಲೂ ಸ್ಟೆಪ್ನಿ ಇಳಿಯುವಷ್ಟು ಜಾಗ ಉಳಿಯುತ್ತದೆಯೇ ಎಂದು ಕಿಟ್ ಕೊಳ್ಳುವಾಗಲೇ ಕೇಳಿರಬೇಕು. ಸೈಲೆನ್ಸರ್ ಅಡ್ಡ ಬಂದರೆ ಅದರ ರಬ್ಬರ್ ಕೊಂಡಿಗಳಿಗೆ ಸಾಬೂನು ನೀರು ಹಚ್ಚಿ ಜಾರಿಸಿ. ಎಣ್ಣೆ ಹಚ್ಚಿದರೆ ರಬ್ಬರ್ ಕೆಡುತ್ತದೆ. ಕೊಳವೆಯನ್ನು ಹಾಗೇ ಜೋತುಬಿಡದೆ ತಂತಿ ಕಟ್ಟಿ ಆಸರೆ ಕೊಡಿ.

ಹಂತ 3: ಚಾಸಿ ಪರೀಕ್ಷೆ ಮತ್ತು ಮರೆ ಸ್ವಚ್ಛ

ಈ ಹಂತಕ್ಕೆ ಅವಸರ ಮಾಡಬೇಡಿ. ಸಣ್ಣ ಸುತ್ತಿಗೆಯಿಂದ ಹಿಂದಿನ ಚಾಸಿ ತೊಲೆಯನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ. ಜಂಗು ತಿಂದ ಜಾಗ ಮಂಕಾಗಿ ದಬ್ ಎನ್ನುತ್ತದೆ, ಪದರ ಉದುರುತ್ತದೆ. ಖಾನಾಪುರ, ಜಾಂಬೋಟಿ ಕಡೆಯ ಮಳೆಯಲ್ಲಿ ಓಡಿದ ಹಳೆ ಗಾಡಿಗಳಲ್ಲಿ ಇದನ್ನು ನೋಡದೆ ಮುಂದುವರಿಯಬೇಡಿ. ಪದರ ಎದ್ದಿದ್ದರೆ ಹಿಚ್ ಆಸೆ ಬಿಟ್ಟು ಮೊದಲು ಚಾಸಿ ರಿಪೇರಿ ಮಾಡಿಸಿ.

ಅನೇಕ ಗಾಡಿಗಳಲ್ಲಿ ಚಾಸಿಯೊಳಗೇ ನಟ್ಟು ಬೆಸೆದಿರುತ್ತಾರೆ. ಅದರ ಬಾಯಿಗೆ ವರ್ಷಗಟ್ಟಲೆ ಕೆಸರು ತುಂಬಿಕೊಂಡಿರುತ್ತದೆ. ವಿಜಯಪುರ, ಬಾಗಲಕೋಟೆಯ ಎರೆಮಣ್ಣು ಒಣಗಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಅದರೊಳಗೆ ಬೋಲ್ಟನ್ನು ಜಬರದಸ್ತಿ ತಿರುಗಿಸಿದರೆ ಎರಡು ಅನಾಹುತ: ಮರೆ ಅಡ್ಡ ಹತ್ತಿ ಕೆಡುತ್ತದೆ, ಇಲ್ಲವೇ ಒಳಗಿನ ನಟ್ಟು ಬೆಸುಗೆಯಿಂದ ಕಿತ್ತು ಬೋಲ್ಟಿನ ಜೊತೆಗೇ ಸುತ್ತತೊಡಗುತ್ತದೆ. ನಟ್ಟು ಒಮ್ಮೆ ಕಿತ್ತರೆ ಚಾಸಿ ಕತ್ತರಿಸದೆ ಅದನ್ನು ಹಿಡಿಯಲು ಆಗುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಮೊದಲು ಮೊಳೆಯಿಂದ ಒಣ ಮಣ್ಣು ಕೆದರಿ ತೆಗೆಯಿರಿ. ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ಬಾಟಲಿ ತೊಳೆಯುವಂಥ ಸಣ್ಣ ತಂತಿ ಬ್ರಷ್ ಹಾಕಿ ತಿರುಗಿಸಿ. ಆಮೇಲೆ ಟ್ಯಾಪನ್ನು ಕೈಯಿಂದ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಒಳಗೆ ಬಿಡಿ. ಕೊನೆಗೆ ಬೋಲ್ಟು ಬರೀ ಬೆರಳಿನಿಂದಲೇ ನಾಲ್ಕೈದು ಸುತ್ತು ಹೋಗಬೇಕು. ಹೋಗದಿದ್ದರೆ ಇನ್ನೂ ಕೊಳೆ ಇದೆ ಎಂದೇ ಅರ್ಥ.

ಹಿಚ್ಚಿನ ಪಟ್ಟಿ ಚಾಸಿಗೆ ಒತ್ತಿ ಕೂರುವ ಜಾಗದಲ್ಲಿ ದಪ್ಪ ಅಂಡರ್‌ಕೋಟಿಂಗ್ (ಜಂಗು ಹಿಡಿಯದಂತೆ ಅಡಿಗೆ ಬಳಿದ ಪದರ) ಇದ್ದರೆ ಕೆರೆದು ತೆಗೆದು ತೆಳುವಾಗಿ ಜಿಂಕ್ ಪ್ರೈಮರ್ ಬಳಿಯಿರಿ. ಮೆತ್ತಗಿನ ಪದರ ನಡುವೆ ಉಳಿದರೆ ಬಿಸಿಲಿಗೂ ಭಾರಕ್ಕೂ ಅದು ಹಿಂಡಿಹೋಗಿ ತೆಳುವಾಗುತ್ತದೆ, ಬೋಲ್ಟು ತಾನಾಗಿ ಸಡಿಲಾಗುತ್ತದೆ. ಸರಿಯಾಗಿ ಬಿಗಿದಿದ್ದೂ ಸಡಿಲಾಯಿತು ಎನ್ನುವವರ ದೂರಿಗೆ ಬಹುಪಾಲು ಇದೇ ಕಾರಣ.

ಹಂತ 4: ಒಳಗೆ ನಟ್ಟಿಲ್ಲದ ಕಡೆ ಬೋಲ್ಟು ತೂರಿಸುವುದು

ಚಾಸಿ ತೊಲೆ ಪೆಟ್ಟಿಗೆಯಂತೆ ಮುಚ್ಚಿರುವುದರಿಂದ ಒಳಗೆ ಕೈ ಹೋಗುವುದಿಲ್ಲ. ಕಿಟ್ಟಿನಲ್ಲಿ ತುದಿ ಸುರುಳಿ ಸುತ್ತಿದ ತಂತಿ ಕೊಟ್ಟಿರುತ್ತಾರೆ. ತಂತಿಯನ್ನು ಬೋಲ್ಟು ಬರಬೇಕಾದ ತೂತಿನಿಂದ ಒಳಗೆ ತೂರಿಸಿ, ಹತ್ತಿರದ ದೊಡ್ಡ ತೂತಿನಿಂದ ಸುರುಳಿಯ ತುದಿ ಹೊರಗೆ ಬರುವ ಹಾಗೆ ನೂಕಿ. ಮೊದಲು ದಪ್ಪ ಪಟ್ಟಿ ವಾಶರನ್ನು ತಂತಿಗೆ ಪೋಣಿಸಿ, ನಂತರ ಬೋಲ್ಟಿನ ಮರೆಯ ತುದಿಯನ್ನು ಸುರುಳಿಗೆ ಸಿಗಿಸಿ. ಈಗ ತಂತಿಯನ್ನು ಮೆಲ್ಲಗೆ ಎಳೆದರೆ ವಾಶರ್ ಸಮೇತ ಬೋಲ್ಟು ಒಳಗಿನಿಂದ ಬಂದು ತೂತಿನಲ್ಲಿ ತಲೆ ಹಾಕುತ್ತದೆ. ನಟ್ಟು ಹತ್ತುವವರೆಗೆ ತಂತಿ ಬಿಚ್ಚಬೇಡಿ, ಬೋಲ್ಟು ಒಳಗೆ ಬಿದ್ದರೆ ಹುಡುಕುವುದೇ ಅರ್ಧ ದಿನದ ಕೆಲಸ. ಒಳಗಿನ ಪಟ್ಟಿ ವಾಶರ್ ಬೇಡವೆಂದು ಬಿಡುವವರೂ ಇದ್ದಾರೆ. ಭಾರವನ್ನು ಅಗಲಕ್ಕೆ ಹಂಚುವುದು ಅದೇ. ಅದಿಲ್ಲದಿದ್ದರೆ ಬೋಲ್ಟಿನ ತಲೆ ಚಾಸಿ ತಗಡಿನಲ್ಲಿ ಹೂತು ಹೋಗುತ್ತದೆ.

ಕಿಟ್ಟಿನ ಸೂಚನೆಯೇ ತೂತು ದೊಡ್ಡದು ಮಾಡಿ ಎಂದಿದ್ದರೆ ಮಾತ್ರ ಡ್ರಿಲ್ ಹಿಡಿಯಿರಿ. ತೊಲೆಯ ಮೇಲಿನ, ಕೆಳಗಿನ ಅಂಚುಪಟ್ಟಿಗಳಿಗೆ ಸ್ವಂತ ಬುದ್ಧಿಯಿಂದ ತೂತು ಹೊಡೆಯಬೇಡಿ. ಬಾಗುವ ಒತ್ತಡ ಅಲ್ಲೇ ಹೆಚ್ಚು ಬೀಳುವುದು. ಡ್ರಿಲ್ಲಿನ ಆಚೆ ಬದಿಯಲ್ಲಿ ಡೀಸೆಲ್ ಪೈಪು, ಬ್ರೇಕ್ ಪೈಪು, ವೈರು ಇಲ್ಲವೆಂದು ಕಣ್ಣಾರೆ ನೋಡಿ. ಕೊರೆದ ಅಂಚನ್ನು ಅರದಿಂದ ನಯ ಮಾಡಿ ಪ್ರೈಮರ್ ಹಚ್ಚಿ.

ಹಂತ 5: ಎತ್ತಿ ಕೂರಿಸಿ ಬಿಗಿಯುವುದು

ಹಿಚ್ಚನ್ನು ಒಬ್ಬರೇ ಎದೆಯ ಮೇಲೆ ಹೊತ್ತು ಬೋಲ್ಟು ಹುಡುಕಬೇಡಿ. ನಡುವಿಗೆ ಜಾಕ್ ಕೊಟ್ಟು, ಇನ್ನೊಬ್ಬರು ತುದಿ ಹಿಡಿದಿರಲಿ. ಮೊದಲು ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದ ಹತ್ತಿಸಿ. ಒಂದನ್ನು ಮೊದಲೇ ಬಿಗಿದರೆ ಉಳಿದ ತೂತುಗಳು ಕೂಡುವುದಿಲ್ಲ. ಟೇಪು ಹಿಡಿದು ರಿಸೀವರ್ ಕೊಳವೆ ಎರಡೂ ಗಾಲಿಗಳಿಂದ ಸಮ ದೂರದಲ್ಲಿದೆಯೇ ನೋಡಿ, ಆಮೇಲೆ ಎಡಕ್ಕೊಂದು ಬಲಕ್ಕೊಂದರಂತೆ ಬಿಗಿಯುತ್ತಾ ಬನ್ನಿ.

ಬಿಗಿತದ ಅಂಕಿ ಕಿಟ್ ಪುಸ್ತಕದಲ್ಲಿ ಇದ್ದರೆ ಅದೇ ಅಂತಿಮ. ಅಂದಾಜಿಗೆ ಹೇಳುವುದಾದರೆ ಒಣ ಮರೆಯ ಎಂ10, 8.8 ದರ್ಜೆಗೆ 45ರಿಂದ 50 ನ್ಯೂಟನ್ ಮೀಟರ್, ಎಂ12, 8.8 ದರ್ಜೆಗೆ 80ರಿಂದ 85, ಎಂ12, 10.9 ದರ್ಜೆಗೆ 115ರಿಂದ 120. ಟಾರ್ಕ್ ವ್ರೆಂಚಿನಲ್ಲಿ ಕೆಜಿ ಮೀಟರ್ ಅಂಕಿ ಇದ್ದರೆ ನ್ಯೂಟನ್ ಮೀಟರನ್ನು ಹತ್ತರಿಂದ ಭಾಗಿಸಿದರೆ ಸಾಕು. ಮರೆಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಿ ಇದೇ ಅಂಕಿಗೆ ಬಿಗಿಯಬೇಡಿ. ಜಾರು ಹೆಚ್ಚಿ ಬೋಲ್ಟು ಮಿತಿ ಮೀರಿ ಹಿಗ್ಗುತ್ತದೆ. ಹಂತ 3ರಲ್ಲಿ ಹೊಡೆದ ಸ್ಪ್ರೇಯನ್ನು ಪೂರ್ತಿ ಒರೆಸಿ ಒಣಗಿಸಿರಬೇಕು ಎನ್ನುವುದೂ ಇದಕ್ಕೇ. ಪಾನಾಕ್ಕೆ ಪೈಪು ಸಿಗಿಸಿ ಶಕ್ತಿ ಇದ್ದಷ್ಟು ಬಿಗಿದರೂ ಇದೇ ಗತಿ.

ನೈಲಾನ್ ಉಂಗುರದ ನಟ್ಟನ್ನು ಒಮ್ಮೆ ಬಿಚ್ಚಿದರೆ ಹೊಸದು ಹಾಕಿ. ಬಿಗಿದಾದ ಮೇಲೆ ನಟ್ಟಿನಿಂದ ಪಟ್ಟಿಯವರೆಗೆ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಮುಂದೆ ಬಗ್ಗಿ ನೋಡಿದರೆ ಸಾಕು, ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ.

ಹಂತ 6: ವೈರಿಂಗ್

ಬ್ಯಾಟರಿಯ ಮೈನಸ್ ಬಿಚ್ಚಿ. ಟ್ರೇಲರಿನ ಬಲ್ಬುಗಳನ್ನು ನೇರ ಗಾಡಿಯ ಹಿಂದಿನ ಲೈಟಿನ ವೈರಿಗೆ ಕೂಡಿಸಬೇಡಿ. ಟ್ರೇಲರಿಗೆ 5 ವ್ಯಾಟಿನ ನಾಲ್ಕು, 21 ವ್ಯಾಟಿನ ನಾಲ್ಕು ಬಲ್ಬು ಇದ್ದರೆ ಒಟ್ಟು 104 ವ್ಯಾಟ್, 12 ವೋಲ್ಟಿಗೆ ಹತ್ತಿರ ಹತ್ತಿರ 9 ಆಂಪ್. ಗಾಡಿಯ ತೆಳು ವೈರುಗಳೂ ಕಂಟ್ರೋಲ್ ಯೂನಿಟ್ಟೂ ಈ ಹೆಚ್ಚುವರಿ ಹೊರೆಗೆ ಲೆಕ್ಕ ಹಾಕಿದವಲ್ಲ. ರಿಲೇ ಮಾಡ್ಯೂಲ್ ಹಾಕಿದರೆ ಅದು ಗಾಡಿಯ ಲೈಟಿನಿಂದ ಸಂಕೇತವನ್ನಷ್ಟೇ ಪಡೆದು, ಕರೆಂಟನ್ನು ನೇರ ಬ್ಯಾಟರಿಯಿಂದ ತರುತ್ತದೆ. ಬ್ಯಾಟರಿ ವೈರು 2.5 ಚದರ ಮಿಮೀ ಇರಲಿ, ಬ್ಯಾಟರಿಗೆ ಅಂಟಿಕೊಂಡಂತೆಯೇ 15 ಆಂಪ್ ಫ್ಯೂಸ್ ಬರಲಿ.

ಯೂರೋಪಿನ ಕ್ರಮದ 7 ಪಿನ್ ಸಾಕೆಟ್ ಹೀಗಿದೆ: 1 ಎಡ ಇಂಡಿಕೇಟರ್ (ಹಳದಿ ವೈರು), 2 ಹಿಂದಿನ ಫಾಗ್ (ನೀಲಿ), 3 ಅರ್ಥಿಂಗ್ (ಬಿಳಿ), 4 ಬಲ ಇಂಡಿಕೇಟರ್ (ಹಸಿರು), 5 ಬಲ ಟೇಲ್ ಲೈಟ್ (ಕಂದು), 6 ಬ್ರೇಕ್ ಲೈಟ್ (ಕೆಂಪು), 7 ಎಡ ಟೇಲ್ ಲೈಟ್ (ಕಪ್ಪು). ಸ್ಥಳೀಯವಾಗಿ ಕಟ್ಟಿಸಿದ ಟ್ರೇಲರಿನಲ್ಲಿ ಬಣ್ಣಗಳನ್ನು ನಂಬಬೇಡಿ, ಒಂದೊಂದೇ ಪಿನ್ನಿಗೆ ಮಲ್ಟಿಮೀಟರ್ ಹಿಡಿದು ಬರೆದುಕೊಳ್ಳಿ.

ಬ್ರೇಕ್ ಒತ್ತಿದರೆ ಇಂಡಿಕೇಟರೂ ಮಂಕಾಗಿ ಉರಿಯುತ್ತಿದೆ, ಎಲ್ಲ ಲೈಟೂ ಒಟ್ಟಿಗೆ ಮಿಣುಕುತ್ತಿವೆ ಎಂದರೆ ಅರ್ಥಿಂಗ್ ಕೆಟ್ಟಿದೆ. ಬಾಲಿನ ಮೂಲಕ ಅರ್ಥಿಂಗ್ ಆಗುತ್ತದೆ ಎಂದು ಬಿಟ್ಟುಬಿಡುವುದರಿಂದ ಹೀಗಾಗುತ್ತದೆ. ಬಾಲಿಗೆ ಗ್ರೀಸ್ ಇರುತ್ತದೆ, ಧೂಳು ಇರುತ್ತದೆ. ಬಿಳಿ ವೈರನ್ನು ಪೇಂಟ್ ಕೆರೆದ ಚಾಸಿ ಲೋಹಕ್ಕೆ ಬೋಲ್ಟು ಹಾಕಿ ಕೂಡಿಸಿ.

ಹಂತ 7: ಬಾಲಿನ ಎತ್ತರ, ಭಾರದ ಪರೀಕ್ಷೆ

ಗಾಡಿಯಲ್ಲಿ ಜನ, ಸಾಮಾನು ತುಂಬಿ, ಟ್ರೇಲರಿಗೂ ಮಾಲು ಹೇರಿ ಸಪಾಟ ನೆಲದಲ್ಲಿ ಕೂಡಿಸಿ. ಟ್ರೇಲರಿನ ಪಟ್ಟಿ ನೆಲಕ್ಕೆ ಸಮಾನಾಂತರವಾಗಿ ಅಥವಾ ಮೂತಿ ತುಸು ಕೆಳಗಾಗಿ ಇರಬೇಕು. ಮೂತಿ ಮೇಲೆದ್ದಿದ್ದರೆ ಕೆಳಕ್ಕೆ ಬಾಗಿದ ಬಾಲ್ ಮೌಂಟ್ ಬೇಕು.

ಬಾಲಿನ ಮೇಲಿನ ಭಾರ ಅಳೆಯಲು ಮನೆಯ ತೂಕದ ಯಂತ್ರವೇ ಸಾಕು. ಟ್ರೇಲರಿನ ಗಾಲಿಗೆ ಆಪು ಕೊಟ್ಟು, ಯಂತ್ರದ ಮೇಲೆ ಬಾಲಿನಷ್ಟೇ ಎತ್ತರ ಬರುವ ಮರದ ತುಂಡು ನಿಲ್ಲಿಸಿ ಕಪ್ಲರನ್ನು ಅದರ ಮೇಲಿಡಿ. ಒಟ್ಟು ತೂಕದ ಶೇ. 10ಕ್ಕಿಂತ ಕಡಿಮೆ ತೋರಿಸಿದರೆ ಮಾಲನ್ನು ಮುಂದಕ್ಕೆ ಸರಿಸಿ. ಹೆಚ್ಚಾಗಿ ಗಾಡಿ ಹಿಂದೆ ಕುಸಿದರೆ ಹಿಂದಕ್ಕೆ. ಆಕ್ಸಲಿನ ಹಿಂದೆ ಮಾಲು ಹೆಚ್ಚಿದ ಟ್ರೇಲರ್ ವೇಗ ಏರುತ್ತಲೇ ಬಾಲ ಬೀಸತೊಡಗುತ್ತದೆ. ಅರ್ಧ ತುಂಬಿದ ನೀರಿನ ಟ್ಯಾಂಕೂ ಹಾಗೇ, ನೀರು ಹೊಯ್ದಾಡಿ ಭಾರ ಜಾಗ ಬದಲಿಸುತ್ತದೆ. ಟ್ಯಾಂಕನ್ನು ತುಂಬಿಸಿ ಒಯ್ಯಿರಿ, ಇಲ್ಲಾ ಖಾಲಿ ಒಯ್ಯಿರಿ.

ಸುರಕ್ಷಾ ಸರಪಳಿ ಎರಡನ್ನೂ ಕಪ್ಲರಿನ ಕೆಳಗೆ ಕತ್ತರಿಯಂತೆ ಒಂದರ ಮೇಲೊಂದು ಅಡ್ಡ ಹಾಕಿ, ರಿಸೀವರಿನಲ್ಲೇ ಇರುವ ಕಣ್ಣುಗಳಿಗೆ ಸಿಗಿಸಿ. ಕಪ್ಲರ್ ಕಳಚಿದರೂ ಮೂತಿ ರಸ್ತೆಗೆ ನಾಟದೆ ಸರಪಳಿಯ ಮೇಲೆ ಬೀಳಬೇಕು. ತಿರುವಿಗೆ ಸಾಲುವಷ್ಟು ಸಡಿಲು ಇರಲಿ, ನೆಲಕ್ಕೆ ಉಜ್ಜಬಾರದು.

ಹಂತ 8: ಮೊದಲ ಓಡಾಟ

ಮೊದಲು ಖಾಲಿ ಟ್ರೇಲರ್ ಕಟ್ಟಿಕೊಂಡು ಊರ ಹೊರಗಿನ ಖಾಲಿ ರಸ್ತೆಯಲ್ಲಿ ಬ್ರೇಕ್, ತಿರುವು, ಹಿಮ್ಮುಖ ಚಾಲನೆ ಅಭ್ಯಾಸ ಮಾಡಿ. 50ರಿಂದ 100 ಕಿಮೀ ಓಡಿದ ಮೇಲೆ ಎಲ್ಲ ಬೋಲ್ಟಿಗೂ ಮತ್ತೆ ಟಾರ್ಕ್ ವ್ರೆಂಚ್ ಹಾಕಿ ನೋಡಲೇಬೇಕು. ಪಟ್ಟಿಗಳು ಒತ್ತಿ ಕೂತ ಮೇಲೆ ಮೊದಲ ಬಿಗಿತ ಸ್ವಲ್ಪ ಇಳಿದಿರುತ್ತದೆ.

ಗೋವಾಕ್ಕೆ ಚೋರ್ಲಾ ಘಟ್ಟದಲ್ಲಿ ಇಳಿಯುವಾಗ ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ಗಾಡಿಯನ್ನು ನೂಕುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಟ್ರೇಲರ್ ಬೀಸತೊಡಗಿದರೆ ಸ್ಟಿಯರಿಂಗ್ ಆಚೀಚೆ ತಿರುಗಿಸದೆ ನೇರ ಹಿಡಿದು, ಆಕ್ಸಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಿರಿ. ವೇಗ ಹೆಚ್ಚಿಸಿ ನೇರ ಮಾಡುತ್ತೇನೆ ಎನ್ನುವುದು ಅಪಾಯದ ಮಾತು.

ಟ್ರೇಲರ್ ಇಲ್ಲದ ದಿನ ಬಾಲ್ ಮೌಂಟ್ ತೆಗೆದು ಡಿಕ್ಕಿಯಲ್ಲಿಡಿ. ಇದ್ದಲ್ಲೇ ಬಿಟ್ಟರೆ ನಂಬರ್ ಪ್ಲೇಟಿಗೆ ಅಡ್ಡ ಬರುತ್ತದೆ, ರಿವರ್ಸ್ ಸೆನ್ಸರ್ ಸುಮ್ಮಸುಮ್ಮನೆ ಕೂಗುತ್ತದೆ, ಹಿಂದೆ ಬರುವ ಬೈಕಿನವರ ಮೊಣಕಾಲಿಗೆ ಬಡಿಯುತ್ತದೆ, ಹಳ್ಳಿಗಳ ಎತ್ತರದ ರಸ್ತೆ ಉಬ್ಬಿಗೆ ಉಜ್ಜುತ್ತದೆ. ರಿಸೀವರ್ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ, ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಕೊಳವೆ ಮಣ್ಣಿನಿಂದ ತುಂಬಿ ಮುಂದಿನ ಸಲ ಮೌಂಟ್ ಒಳಗೇ ಹೋಗುವುದಿಲ್ಲ. ಕಬ್ಬಿನ ಹಂಗಾಮಿಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಅಡಿಯಲ್ಲಿ ಬಗ್ಗಿ ಮಾರ್ಕರ್ ಗೆರೆಗಳನ್ನು ನೋಡಿ. ಯಾವುದಾದರೂ ಮುರಿದಿದ್ದರೆ, ಅಥವಾ ಬೋಲ್ಟಿನ ಸುತ್ತ ಕೆಂಪು ಜಂಗಿನ ಪುಡಿ ಉದುರಿದ್ದು ಕಂಡರೆ, ಅದನ್ನು ಬಿಚ್ಚಿ ಹೊಸ ಬೋಲ್ಟು ಹಾಕುವವರೆಗೆ ಟ್ರೇಲರ್ ಕಟ್ಟಬೇಡಿ.